ಬಾಯಾರು ಕೊಟ್ಟ ಮೂರು ದಿನ

ಕಳೆದ ತಿಂಗಳು ಕಲಬುರಗಿಯಲ್ಲಿ ಮೀಟಿಂಗ್ ಮುಗಿಸಿಕೊಂಡು ಅಫಜಲಪುರಕ್ಕೆ ಮರಳುತ್ತಿದ್ದೆ. ಡ್ರೈವರಿಗೆ ಸೊನ್ನದಲ್ಲಿ ಯಾರಿಗೋ ಔಷಧಿಯ ಪೊಟ್ಟಣ ಮುಟ್ಟಿಸುವುದಿತ್ತು. ಬ್ಯಾರೇಜಿನ ಹತ್ತಿರ ಜೀಪು ನಿಲ್ಲಿಸಿ ಇಳಿದು ಹೋದ. ಸೆಕೆ ತಡೆಯದೆ ಕಿಟಕಿಯ ಗಾಜು ಇಳಿಸಿದೆ. ಮೇಲಿನಿಂದ ಭೀಮೆಗೆ ಹೊಸ ನೀರು ಬಂದಿತ್ತು. ಗೇಟುಗಳ ಕೆಳಗೆ ರಾಡಿನೀರು ನೊರೆಯೆಬ್ಬಿಸಿ ಓಡುತ್ತಿತ್ತು. ಎರೆಮಣ್ಣು, ಕೊಳೆತ ಕಬ್ಬಿನ ರವದಿ, ಸತ್ತ ಮೀನು ಎಲ್ಲ ಕೂಡಿದ ಒಂದು ವಾಸನೆ ಗಾಳಿಯಲ್ಲಿತ್ತು. ಅದು ಮೂಗಿಗೆ ಬಂದದ್ದೇ ತಡ, ಗಾಜು ಏರಿಸಿಬಿಟ್ಟೆ. ಆ ವಾಸನೆಯಲ್ಲಿ ನಾನು ಒಂದು ಹಗಲು ಪೂರ್ತಿ ಕಳೆದಿದ್ದೇನೆ, ಸುಜಾತಾಬಾಯಾರ ಜೊತೆ. ನನ್ನ ನರ್ಸ್ ಕೆಲಸದ ಮೊದಲ ವರ್ಷ ಅದು.

ಆಗ ನನಗೆ ಇಪ್ಪತ್ತಮೂರು. ಜೇವರ್ಗಿಯ ನಮ್ಮ ಮನೆಯಲ್ಲಿ ನನ್ನ ಮದುವೆಯ ಮಾತು ನಡೆದಿತ್ತು. ಅಫಜಲಪುರದಲ್ಲಿ ರಾಯಭಾರಿಯಾಗಿದ್ದ ಯಾರೋ ಬಾಯಾರು ದಿನ ತುಂಬಿದ ಬಸುರಿಯರಿಗೆಂದು ಒಂದು ಮನೆ ನಡೆಸುತ್ತಾರಂತೆ, ಅವರಿಗೆ ನರ್ಸು ಬೇಕಂತೆ ಎಂದು ಗೆಳತಿಯೊಬ್ಬಳು ಹೇಳಿದಳು. ಮದುವೆಯನ್ನು ಒಂದು ವರ್ಷ ಮುಂದೆ ಹಾಕಲು ನೆಪ ಸಿಕ್ಕಿತೆಂದು ಹೊರಟೆ. ಮಿರಗದ ಮಳೆ ಆಗಷ್ಟೇ ಹಿಡಿದಿತ್ತು. ಬಸ್‌ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟರಲ್ಲಿ ಚಪ್ಪಲಿಗೆ ಸೇರುಗಟ್ಟಲೆ ಕರಿಮಣ್ಣು ಮೆತ್ತಿಕೊಂಡಿತ್ತು. ಪಡಸಾಲೆಯಲ್ಲಿ ಬೆಳ್ಳಗಾದ ಕೂದಲನ್ನು ಗಿಡ್ಡಕ್ಕೆ ಕತ್ತರಿಸಿಕೊಂಡಿದ್ದ ಹೆಂಗಸೊಬ್ಬರು ನೆಲದ ಮೇಲೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದರು. ಅಡುಗೆಯವರಿರಬೇಕು ಅಂದುಕೊಂಡು, "ರಾಯಭಾರಿ ಬಾಯಾರು ಒಳಗದಾರೇನ್ರಿ?" ಎಂದು ಕೇಳಿದೆ.

"ಅದಾರ. ಮೊದಲ ಕಾಲ ತೊಳಕೋ ಬಾ," ಅಂದರು. ಅವರೇ ಸುಜಾತಾಬಾಯಾರು.

ಅವರ ಕಥೆ ನನಗೆ ತುಣುಕು ತುಣುಕಾಗಿ ಗೊತ್ತಾಯಿತು. ಹುಟ್ಟಿದ್ದು ಆಳಂದ ತಾಲೂಕಿನ ಕಿಣ್ಣಿ ಸುಲ್ತಾನದಲ್ಲಿ, ಕೂಲಿ ಮಾಡುವ ದಲಿತ ಬೌದ್ಧರ ಮನೆಯಲ್ಲಿ. ಅವರಿಗೆ ಒಂಬತ್ತು ವರ್ಷವಿದ್ದಾಗ ಅಕ್ಕ ಗಂಗವ್ವನಿಗೆ ಹೆರಿಗೆ ಬ್ಯಾನೆ ಶುರುವಾಗಿ, ಎತ್ತಿನ ಗಾಡಿಯಲ್ಲಿ ಆಳಂದದ ದವಾಖಾನೆಗೆ ಹೊರಟರು. ಅಕ್ಕನ ಮೇಲೆ ಮಳೆ ಬೀಳದಂತೆ ಗೋಣಿಚೀಲ ಹಿಡಿದು ಕೂತದ್ದು ಇವರು. ಗಾಡಿ ಹುದುಲಿನಲ್ಲಿ ಸಿಕ್ಕಿಕೊಂಡಿತು. ಕೂಸು ದಾರಿಯಲ್ಲೇ ಹುಟ್ಟಿತು, ಅಕ್ಕ ದಾರಿಯಲ್ಲೇ ಹೋದಳು. ಮುಂದೆ ಇವರು ಕಲಬುರಗಿಯ ಹಾಸ್ಟೆಲಿನಲ್ಲಿ ಓದಿ, ದೊಡ್ಡ ಪರೀಕ್ಷೆ ಪಾಸು ಮಾಡಿ, ವಿದೇಶಾಂಗ ಸೇವೆ ಸೇರಿ ಮೂವತ್ತು ವರ್ಷ ದೇಶ ದೇಶ ತಿರುಗಿದರು. ಕೊನೆಗೆ ಆಫ್ರಿಕಾದ ಒಂದು ಸಣ್ಣ ದೇಶದಲ್ಲಿ ರಾಯಭಾರಿಯಾಗಿದ್ದರು. ಅಲ್ಲಿ ದೂರದ ಹಳ್ಳಿಗಳ ಬಸುರಿಯರು ಹೆರಿಗೆಗೆ ಎರಡು ವಾರ ಮೊದಲೇ ಆಸ್ಪತ್ರೆಯ ಪಕ್ಕದ ಗುಡಿಸಲುಗಳಲ್ಲಿ ಬಂದು ಇರುವುದನ್ನು ನೋಡಿದ್ದರಂತೆ. ರಿಟೈರಾದ ಮೇಲೆ ದಿಲ್ಲಿಯಲ್ಲಿ ಮನೆ ಮಾಡದೆ ಇಲ್ಲಿಗೆ ಬಂದು ಒಂದು ಹಳೆಯ ಕಲ್ಲಿನ ಮನೆ ಹಿಡಿದರು. ಎಂಟು ಮಂಚ ಹಾಕಿಸಿದರು. ಗಂಗಕ್ಕನ ಮನೆ ಎಂದು ಹೆಸರಿಟ್ಟರು. ಹೊಳೆ ಬಂದರೆ ದಾರಿ ಮುಚ್ಚುವ ಊರುಗಳ ಬಸುರಿಯರನ್ನು ಮೊದಲೇ ಕರೆತಂದು ಇಟ್ಟುಕೊಳ್ಳುವುದು, ಬ್ಯಾನೆ ಬಂದ ಕೂಡಲೇ ದವಾಖಾನೆಗೆ ಸೇರಿಸುವುದು ಅಲ್ಲಿಯ ಕೆಲಸ.

ಅಲ್ಲಿ ಅಡುಗೆ ಮಾಡುತ್ತಿದ್ದವಳು ಕಮಲಾ. ಗಾಡಿಯಲ್ಲಿ ಹುಟ್ಟಿದ ಆ ಕೂಸು ಅವಳೇ. ಐವತ್ತು ದಾಟಿದ್ದಳು, ಗಟ್ಟಿ ಆಳು, ಬಾಯಾರನ್ನು ಚಿಗವ್ವ ಅನ್ನುತ್ತಿದ್ದಳು. ಅವಳ ಕೈಯ ಪುಂಡಿಪಲ್ಯೆ ಉಂಡ ಬಸುರಿಯರು ತಮ್ಮ ತವರನ್ನೇ ಮರೆಯುತ್ತಿದ್ದರು.

ನನ್ನ ಕೆಲಸ ಬಾಯಾರ ಜೊತೆ ಹಳ್ಳಿ ತಿರುಗಿ ಬಸುರಿಯರನ್ನು ನೋಡುವುದು. ಅವರ ರೀತಿ ನನಗೆ ವಿಚಿತ್ರ ಅನಿಸುತ್ತಿತ್ತು. ಮೊದಲ ಸಲ ಒಂದು ಮನೆಗೆ ಹೋದರೆ ಬಸುರಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಹೆಸರಿನ ಬೆಳೆ ಹೇಗಿದೆ, ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದು ಕೇಳಿ, ಚಹಾ ಕುಡಿದು ಎದ್ದುಬಿಡುತ್ತಿದ್ದರು. ಎರಡನೇ ಸಲ ಒಂದಿಷ್ಟು. ಮೂರನೇ ಸಲ ವಿಷಯ. ಯಾರು ಎಷ್ಟೇ ಒರಟಾಗಿ ಮಾತಾಡಿದರೂ ಅವರ ದನಿ ಏರುತ್ತಿರಲಿಲ್ಲ.

"ಎದುರಿನವರಿಗೆ ತಾವೇ ಒಪ್ಪಿದ್ದು ಅನಸಬೇಕು ರೇಣುಕಾ. ನಾವು ಗೆದ್ದಿವಿ ಅನಸಿತಂದ್ರ ನಾಳಿ ಅವರು ಬಾಗಿಲಾ ತಗಿಯಂಗಿಲ್ಲ," ಎಂದು ಜೀಪಿನಲ್ಲಿ ಹೇಳುತ್ತಿದ್ದರು. ಆ ಮಳೆಗಾಲದ ಮೊದಲ ಮೂರು ತಿಂಗಳಲ್ಲಿ ಹೀಗೇ ಎಷ್ಟೋ ಮನೆಗಳ ಬಾಗಿಲು ತೆರೆದವು. ನಾನು ಅವರನ್ನು ದೇವರೆಂದೇ ನಂಬತೊಡಗಿದ್ದೆ.

ಭಾದ್ರಪದದಲ್ಲಿ ಭಾಗಮ್ಮ ಸಿಕ್ಕಳು. ಹೊಳೆಯ ದಂಡೆಯ ಒಂದು ಹಳ್ಳಿ, ನಡುವೆ ಒಂದು ತಗ್ಗು ಸೇತುವೆ. ಭಾಗಮ್ಮನಿಗೆ ಹತ್ತೊಂಬತ್ತು ವರ್ಷ, ಚೊಚ್ಚಲು. ಗಂಡ ಪುಣೆಯಲ್ಲಿ ಕಟ್ಟಡದ ಕೆಲಸಕ್ಕಿದ್ದ. ಮನೆಯಲ್ಲಿ ಅತ್ತೆ ಶರಣಮ್ಮನದೇ ಮಾತು. ಊದಿದ ಪಾದ ಕಂಡು ಮೊದಲ ಸಲವೇ ನಾನು ಬಿ.ಪಿ. ನೋಡಿದೆ, ಜಾಸ್ತಿ ಇತ್ತು. ಪಾದ ಒತ್ತಿದರೆ ಬೆರಳು ಮೂಡಿದ ಜಾಗ ತುಂಬುತ್ತಿರಲಿಲ್ಲ. ಗುಳಿಗೆ ಕೊಟ್ಟು, ಇವಳು ಊರಲ್ಲಿ ಹೆರುವಂತಿಲ್ಲ ಎಂದು ಬಾಯಾರಿಗೆ ಹೇಳಿದೆ.

ಶರಣಮ್ಮ ನನಗೆ ಸ್ಟೀಲಿನ ಲೋಟದಲ್ಲಿ ಚಹಾ ಕೊಟ್ಟಳು. ಬಾಯಾರಿಗೆ ಗೂಡಿನಲ್ಲಿ ಬೇರೆ ಇಟ್ಟಿದ್ದ ಹಿಡಿಕೆ ಮುರಿದ ಒಂದು ಕಪ್ಪು ತೆಗೆದು ಕೊಟ್ಟಳು. ಅವರು ಯಾರ ಮಗಳೆಂದು ಸುತ್ತಲಿನ ಹಳ್ಳಿಗಳಿಗೆಲ್ಲ ಗೊತ್ತಿತ್ತು. ಅಂಥ ಕಪ್ಪು ನಮ್ಮ ಜೇವರ್ಗಿಯ ಮನೆಯಲ್ಲೂ ಇತ್ತು, ಹಿತ್ತಲ ಬಾಗಿಲ ಹೊರಗೆ. ನಮ್ಮಜ್ಜಿ ಹೊಲದ ಆಳುಗಳಿಗೆ ಅದರಲ್ಲಿ ಚಹಾ ಸುರಿಯುವುದನ್ನು ನೋಡುತ್ತಲೇ ಬೆಳೆದಿದ್ದೆ. ಅದುವರೆಗೆ ನನಗೆ ಅದು ಏನೂ ಅನಿಸಿರಲಿಲ್ಲ. ಅವತ್ತು ಕೈಯಲ್ಲಿದ್ದ ಲೋಟ ಕೆಳಗಿಡಬೇಕೋ ಕುಡಿಯಬೇಕೋ ತಿಳಿಯಲಿಲ್ಲ. ಬಾಯಾರು ಸಾವಕಾಶ ಕುಡಿದು, ತಾವೇ ತೊಳೆದು ಇಟ್ಟು ಬಂದರು.

ಜೀಪಿನಲ್ಲಿ ನನಗೆ ಅಳು ಬಂತು. "ರಾಜರ ಜೋಡಿ ಊಟಕ್ಕ ಕುಂತವರು ನೀವು. ಅದರಾಗ ಹ್ಯಾಂಗ ಕುಡದ್ರಿ?"

"ಆ ಹುಡುಗಿ ಕಾಲು ನೋಡಿದಿಲ್ಲೋ? ನನಗ ಅದ ಕಾಣಾಕತ್ತಿತ್ತು, ಕಪ್ಪಲ್ಲ," ಅಂದರು.

ನಾಲ್ಕನೇ ಸಲ ಹೋದಾಗ ಶರಣಮ್ಮ ಮನಸ್ಸು ಬಿಚ್ಚಿದಳು. "ಕಳಸಬಾರದಂತಿಲ್ರಿ ಬಾಯಾರ. ಆದ್ರ ಅಲ್ಲಿ ಎಲ್ಲಾರೂ ಒಂದ ಒಲಿ ಮ್ಯಾಲಿಂದು ಉಣ್ತಾರಂತ. ನಮ್ಮ ಸೊಸಿ ಅದನ್ನ ಹ್ಯಾಂಗ ಉಂಡಾಳ್ರಿ? ನಾಳಿ ಮಂದಿ ನಮ್ಮ ಮನಿ ನೀರ ಮುಟ್ಟಂಗಿಲ್ಲ."

ಬಾಯಾರು, "ನೀವೂ ಜೋಡಿ ಬರ್ರಿ ಶರಣಮ್ಮ. ಹಿತ್ತಲದಾಗ ಬ್ಯಾರೆ ಒಲಿ ಹಾಕಸ್ತೇನಿ. ನಿಮ್ಮ ಸೊಸಿಗೆ ನೀವ ಮಾಡಿ ಹಾಕ್ರಿ," ಅಂದರು. ಶರಣಮ್ಮನ ಮುಖ ಸಡಿಲಾಯಿತು. ಒಪ್ಪಿದಳು. ಶುಕ್ರವಾರ ಬರುವುದೆಂದಾಯಿತು.

ಮರುದಿನ ಹಿತ್ತಲಲ್ಲಿ ಇಟ್ಟಿಗೆ ಇಟ್ಟು ಮಣ್ಣು ಮೆತ್ತಿ ಒಲೆ ಹಾಕುತ್ತಿದ್ದಾಗ ಕಮಲಾ ಬಾಗಿಲಲ್ಲಿ ನಿಂತು ನೋಡಿದಳು. ಯಾಕೆ, ಯಾರಿಗೆ ಎಂದು ನನ್ನಿಂದ ಕೇಳಿ ತಿಳಿದುಕೊಂಡಳು. ನೇರ ಬಾಯಾರ ಕೋಣೆಗೆ ಹೋದಳು.

"ಚಿಗವ್ವ, ಈ ಮನಿಗೆ ಯಾರ ಹೆಸರದ?"

"ನಿಮ್ಮವ್ವನ ಹೆಸರು."

"ನಮ್ಮವ್ವನ ಹೆಸರಿನ ಮನ್ಯಾಗ ನನ್ನ ಕೈಯಾಂದು ಒಲ್ಲೆ ಅನ್ನಾಕಿಗೆ ನೀನ ಒಲಿ ಹಾಕಿಕೊಡ್ತಿ?"

"ಒಂದು ಜೀವದ ಪ್ರಶ್ನೆ ಅದ ಕಮಲಾ. ಹದಿನೈದು ದಿನ ಅಷ್ಟ."

"ಯಾವಾಗಲೂ ನಮಗ ಹದಿನೈದು ದಿನ ತಡಕೋ ಅಂತಾರ," ಅಂದಳು ಕಮಲಾ. ಎರಡು ಸೀರೆ ಚೀಲಕ್ಕೆ ತುಂಬಿಕೊಂಡು ಆಳಂದದ ಬಸ್ಸು ಹತ್ತಿದಳು. ಬಾಯಾರು ತಡೆಯಲಿಲ್ಲ. ಅವತ್ತು ಅನ್ನ ನಾನು ಬೇಯಿಸಿದೆ. ಅವರು ತಾಟಿನ ಮುಂದೆ ಕೂತು, ಎರಡು ತುತ್ತು ತಿಂದು ಎದ್ದರು.

ಶುಕ್ರವಾರ ಜೀಪು ತೆಗೆದುಕೊಂಡು ಹೋದೆವು. ಭಾಗಮ್ಮ ಸೀರೆ ಬದಲಿಸಿ, ತಲೆ ಬಾಚಿಕೊಂಡು, ಚೀಲ ಕಟ್ಟಿ ಕಟ್ಟೆಯ ಮೇಲೆ ಕೂತಿದ್ದಳು. ನಮ್ಮನ್ನು ಕಂಡು ನಕ್ಕಳು. ಅಷ್ಟರಲ್ಲಿ ಶರಣಮ್ಮ ಹೊರಗೆ ಬಂದಳು.

"ಬಾಯಾರ, ತಪ್ಪು ತಿಳಕೋಬ್ಯಾಡ್ರಿ. ಇದು ಹಿರಿಯರ ಪಕ್ಷ. ಸೋಮವಾರ ಅಮಾಸಿ. ಹಿರಿಯರಿಗೆ ಎಡಿ ಹಿಡಿಲಾರದ ಬಸರಿನ್ನ ಹೊರಗ ಹಾಕಿದ್ರ ಊರು ಏನಂದೀತು? ಅಮಾಸಿ ಮುಗಸಿ ಮಂಗಳವಾರ ಬರ್ತೇವಿ."

ನಾನು ಬಿ.ಪಿ. ನೋಡಿದೆ. ಹಿಂದಿನದಕ್ಕಿಂತ ಏರಿತ್ತು. "ಬಾಯಾರ, ಇವತ್ತ ಒಯ್ಯೋಣ್ರಿ," ಅಂದೆ. ಅವರು ನನ್ನನ್ನು ನೋಡಿದರು, ಶರಣಮ್ಮನನ್ನು ನೋಡಿದರು. ಹೊಟ್ಟೆಯ ಮೇಲೆ ಕೈಯಿಟ್ಟು ಕೂತಿದ್ದ ಭಾಗಮ್ಮನನ್ನು ನೋಡಿದರು. ಆಕಾಶ ಅವತ್ತು ತಿಳಿಯಾಗಿತ್ತು. ನಾಲ್ಕು ದಿನದಿಂದ ಮಳೆ ಇರಲಿಲ್ಲ.

"ಇದು ಭಾಳ ಅಪಾಯದ್ದು ಅದ ಶರಣಮ್ಮ," ಎಂದು ಅದೇ ಸಣ್ಣ ದನಿಯಲ್ಲಿ ಹೇಳಿದರು. ಅವಳು ಕೈ ಮುಗಿದು ನಿಂತಳು. ಬಾಯಾರು ಉಸಿರು ಬಿಟ್ಟು, "ಆತು. ಅಮಾಸಿ ತನಕ ಮೂರು ದಿನ. ಮಂಗಳವಾರ ಮುಂಜಾನಿ ಬರ್ತೇನಿ, ಅವತ್ತ ಮತ್ತ ಮಾತು ಬ್ಯಾಡ," ಅಂದರು. ಭಾಗಮ್ಮ ಚೀಲ ಎತ್ತಿಕೊಂಡು ಒಳಗೆ ಹೋದಳು.

ಇಲ್ಲಿ ಮಳೆ ಇರಲಿಲ್ಲ, ಮೇಲೆ ಮಹಾರಾಷ್ಟ್ರದಲ್ಲಿ ಸುರಿದಿತ್ತು. ಅಲ್ಲಿಯ ಆಣೆಕಟ್ಟುಗಳಿಂದ ನೀರು ಬಿಟ್ಟರು. ರವಿವಾರ ತಡರಾತ್ರಿ ಹೊಳೆದಂಡೆಯ ಊರುಗಳಲ್ಲಿ ಡಂಗುರ ಸಾರಿದರು. ಸೋಮವಾರ ಬೆಳಗಾಗುವಷ್ಟರಲ್ಲಿ ತಗ್ಗು ಸೇತುವೆ ಮುಳುಗಿತ್ತು. ಏಳು ಗಂಟೆಗೆ ಶರಣಮ್ಮ ಪಕ್ಕದ ಮನೆಯವರ ಫೋನಿನಿಂದ ಮಾತಾಡಿದಳು. "ಭಾಗವ್ವಗ ತಲಿ ಒಡದು ಹೋಗಾಕತ್ತದಂತ್ರಿ. ಕಣ್ಣ ಮುಂದ ಮಂಜು ಅಂತಾಳ. ಏನ ಮಾಡ್ಲಿರಿ?"

ದಂಡೆಗೆ ಹೋಗಿ ನಿಂತರೆ ಎದುರಿನ ಊರು ನಡುಗಡ್ಡೆಯಾಗಿ ಕಾಣುತ್ತಿತ್ತು. ಜೋಳದ ಹೊಲಗಳ ಮೇಲೆ ನೀರು, ನೀರಿನ ಮೇಲೆ ಕಣಕಿಯ ಬಣಿವೆಗಳು ತೇಲಿ ಹೋಗುತ್ತಿದ್ದವು. ಪರಿಹಾರದ ದೋಣಿಗಳೆಲ್ಲ ಬೇರೆ ಊರುಗಳಲ್ಲಿ ಮಂದಿಯನ್ನು ಮಾಳಿಗೆಗಳಿಂದ ಇಳಿಸುತ್ತಿದ್ದವು. ಬಾಯಾರು ರಾಡಿಯಲ್ಲಿ ನಿಂತು ಕನ್ನಡ, ಹಿಂದಿ, ಇಂಗ್ಲಿಷಿನಲ್ಲಿ ಒಬ್ಬೊಬ್ಬ ಅಧಿಕಾರಿಗೆ ಫೋನು ಮಾಡಿದರು. ಅಷ್ಟೆಲ್ಲ ಮಾಡಿದರೂ ದೋಣಿ ಬರುವಾಗ ಹನ್ನೆರಡಾಗಿತ್ತು. ವಯಸ್ಸಾದವರು ಬೇಡ ಎಂದು ದೋಣಿಯವರು ತಡೆದರು. ಬಾಯಾರು ಹತ್ತಿಯೇ ಕೂತರು.

ನಾವು ಮುಟ್ಟುವ ಮೊದಲೇ ಭಾಗಮ್ಮನಿಗೆ ಒಂದು ಸಲ ಮೈ ಸೆಟೆಯುವ ಝಟಕಾ ಬಂದು ಹೋಗಿತ್ತು. ಊರವರು ಎತ್ತರದ ಶಾಲೆಯ ಕಟ್ಟೆಯ ಮೇಲೆ ಹೊರಸು ಹಾಕಿ ಮಲಗಿಸಿದ್ದರು. ನಾಲಗೆ ಕಚ್ಚಿಕೊಂಡು ಬಾಯಿಯ ಅಂಚಿನಲ್ಲಿ ರಕ್ತವಿತ್ತು. ನಾನು ಇಂಜೆಕ್ಷನ್ ಕೊಟ್ಟೆ. ಹೊರಸಿನ ಸಮೇತ ಎತ್ತಿ ದೋಣಿಗೆ ತಂದರು. ಶರಣಮ್ಮ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಳು. ಬಾಯಾರು ಭಾಗಮ್ಮನ ಎರಡೂ ಕಾಲು ಹಿಡಿದು ಕೂತರು. ನಡುನೀರಿನಲ್ಲಿ ಎರಡನೇ ಝಟಕಾ ಬಂತು. ದೋಣಿ ಹೊಯ್ದಾಡಿತು. ನನಗೆ ನೆನಪಿರುವುದು ಆ ರಾಡಿಯ ವಾಸನೆ, ಮತ್ತು "ಭಾಗವ್ವ, ನನ್ನ ನೋಡ ಬೇ, ಇಲ್ಲಿ ನೋಡ ಬೇ" ಎಂದು ಶರಣಮ್ಮ ಕೂಗುತ್ತಿದ್ದದ್ದು.

ದವಾಖಾನೆಯಲ್ಲಿ ಡಾಕ್ಟರು ಕೈಲಾದದ್ದೆಲ್ಲ ಮಾಡಿದರು. ಕೂಸು ಉಳಿಯಿತು, ಹೆಣ್ಣು. ಹೊತ್ತು ಮುಳುಗುವ ಮುಂಚೆ ಭಾಗಮ್ಮ ಹೋದಳು. ಅವಳಿಗೆ ಪ್ರಜ್ಞೆ ಮರಳಲೇ ಇಲ್ಲ. ಬಾಯಾರು ಹೊರಗೆ ಬೆಂಚಿನ ಮೇಲೆ ಕೂತಿದ್ದರು, ಸೀರೆ ಮೊಣಕಾಲಿನವರೆಗೆ ರಾಡಿ. ನಾನು ಹೇಳಿದಾಗ ತಲೆ ಎತ್ತಲಿಲ್ಲ. "ಮೂರು ದಿನ ಕೊಟ್ಟೆ," ಅಂದರು. ಮತ್ತೆ ಅದನ್ನೇ ಅಂದರು.

ನೀರು ಇಳಿದ ಮೇಲೆ ಆ ಹಳ್ಳಿಗೆ ಹೋದೆವು. ಮನೆಗಳ ಗೋಡೆಯ ಮೇಲೆ ಎದೆಮಟ್ಟಕ್ಕೆ ನೀರಿನ ಗೆರೆ ಉಳಿದಿತ್ತು. ಶರಣಮ್ಮ ಸಲಿಕೆಯಿಂದ ಪಡಸಾಲೆಯ ಕೆಸರು ಎಳೆಯುತ್ತಿದ್ದಳು. ಕೂಸು ತೊಟ್ಟಿಲಲ್ಲಿತ್ತು. ಶರಣಮ್ಮ ಅಳಲಿಲ್ಲ. ಸಲಿಕೆ ಗೋಡೆಗೆ ಆನಿಸಿಟ್ಟು ಬಾಯಾರ ಮುಂದೆ ಬಂದು ಕೂತಳು.

"ಒಂದು ಕೇಳ್ತೇನ್ರಿ. ಆಕಿ ಸಾಯ್ತಾಳಂತ ನಿಮಗ ಗೊತ್ತಿತ್ತೇನ್ರಿ?"

"ಸಾಯಬಹುದು ಅಂತ ಗೊತ್ತಿತ್ತು."

"ಮತ್ತ ಯಾಕ ನನಗ ಬೈಲಿಲ್ರಿ? ಅಷ್ಟು ಮೆಲ್ಲಕ ಮಾತಾಡಿದ್ರಿ. ಇಷ್ಟು ಮೆಲ್ಲಕ ಮಾತಾಡ್ತಾರಂದ್ರ ಅಂಥಾ ಗಾಬರಿದು ಏನಿರಂಗಿಲ್ಲ ಅಂತ ತಿಳಕೊಂಡೆ. ಮೂರು ದಿನ ಬೇಡಿದ್ರ ಮೂರು ದಿನ ಕೊಟ್ರಿ. ನಾ ಅಕ್ಷರ ಬರಲಾರದ ಅಡಾಣಿ ಹೆಂಗಸು. ನೀವು ಒದರಬೇಕಿತ್ತು. ನನ್ನ ಕಪಾಳಕ್ಕ ಹೊಡದು ಆಕಿನ್ನ ಒಯ್ಯಬೇಕಿತ್ತು."

ಬಾಯಾರು ತೊಟ್ಟಿಲ ಕಡೆ ಬಗ್ಗಿದರು. ಕೂಸಿನ ತಲೆ ಮುಟ್ಟಿ ಎದ್ದರು. ಊರ ಅಗಸಿ ದಾಟಿದ ಮೇಲೆ, "ಆಕಿ ಹೇಳಿದ್ದು ಖರೆ ಅದ," ಅಂದರು. ನಾನೂ ಒದರಿರಲಿಲ್ಲ. ಬಿ.ಪಿ.ಯ ಪಟ್ಟಿ ಕೈಯಲ್ಲಿ ಹಿಡಿದುಕೊಂಡೇ ಸುಮ್ಮನೆ ಜೀಪು ಹತ್ತಿದ್ದೆ.

ಮರುವಾರ ನನ್ನನ್ನು ಕಿಣ್ಣಿ ಸುಲ್ತಾನಕ್ಕೆ ಕರೆದುಕೊಂಡು ಹೋದರು. ಕಮಲಾ ಅಂಗಳದಲ್ಲಿ ಉದ್ದು ಕೇರುತ್ತಿದ್ದಳು. ಬಾ ಅನ್ನಲಿಲ್ಲ, ಮೊರವನ್ನೂ ಕೆಳಗಿಡಲಿಲ್ಲ. ಬಾಯಾರು ಅವಳ ಎದುರು ನೆಲದ ಮೇಲೆಯೇ ಕೂತರು.

"ಮೂವತ್ತು ವರ್ಷ ಇದ ಮಾಡೀನಿ ಕಮಲಾ. ಇಬ್ಬರ ಮರ್ಯಾದಿನೂ ಉಳಿಯೋ ಹಂಗ ಮಾತು ಮುಗಸೋದು. ಶರಣಮ್ಮನ ಮರ್ಯಾದಿ ಉಳಸಾಕ ಹೋಗಿ ನಿನ್ನ ಮರ್ಯಾದಿ ಕಳದೆ. ತಪ್ಪಾತು."

ಕಮಲಾ ಬಹಳ ಹೊತ್ತು ಕೇರುತ್ತಲೇ ಇದ್ದಳು. "ಆ ಹುಡುಗಿನಾದ್ರೂ ಉಳದಿದ್ರ ನಂದು ಇಷ್ಟು ಹೊಟ್ಟಿ ಉರಿತಿರಲಿಲ್ಲ ಚಿಗವ್ವ," ಅಂದಳು ಕೊನೆಗೆ. "ನನ್ನ ಅವಮಾನಾನೂ ಆತು, ಆಕಿ ಜೀವಾನೂ ಹೋತು." ಆಮೇಲೆ ಮೊರ ಕೆಳಗಿಟ್ಟು, ಬಾಯಾರ ಮೊಣಕೈ ಹಿಡಿದು ಎಬ್ಬಿಸಿದಳು. ಎಬ್ಬಿಸುವಾಗ ಸೆರಗು ಸರಿದು ಬಾಯಾರ ತೋಳು ಕಾಣಿಸಿತು. ಮೊಣಕೈಯಿಂದ ಭುಜದವರೆಗೆ ನೀಲಿ ಕಲೆಗಳು.

"ಇದೇನಿದು?" ಅಂದಳು ಕಮಲಾ.

ರಕ್ತದ ಕಾಯಿಲೆ. ಎರಡು ವರ್ಷದಿಂದ ಇತ್ತಂತೆ. ಯಾರಿಗೂ ಹೇಳಿರಲಿಲ್ಲ. ದಿನವೂ ಎಷ್ಟೋ ಹೆಂಗಸರ ಕಣ್ಣುರೆಪ್ಪೆ ಎಳೆದು ರಕ್ತ ಕಡಿಮೆ ಇದೆಯೇ ಎಂದು ನೋಡುತ್ತಿದ್ದ ನಾನು, ಪಕ್ಕದಲ್ಲೇ ಕೂತವರ ಬಿಳಿಚಿದ ಮುಖವನ್ನು ವಯಸ್ಸು ಅಂದುಕೊಂಡಿದ್ದೆ. ಅವತ್ತೇ ಸಂಜೆ ಕಮಲಾ ನಮ್ಮ ಜೊತೆ ಅಫಜಲಪುರಕ್ಕೆ ಬಂದಳು. ಹಿತ್ತಲಿನ ಒಲೆಯನ್ನು ಬಾಯಾರು ಆಗಲೇ ಒಡೆಸಿದ್ದರು. ಕಮಲಾ ಅಡುಗೆಮನೆಗೆ ಹೋಗಿ ಸುಮ್ಮನೆ ಹಿಟ್ಟು ಕಲಸಿದಳು. ಅವರಿಬ್ಬರ ನಡುವೆ ಮೊದಲಿನ ಸಲಿಗೆ ಪೂರ್ತಿ ಮರಳಿತೆಂದು ನಾನು ಹೇಳಲಾರೆ.

ಚಳಿ ಬಿದ್ದ ಮೇಲೆ ಜೇವರ್ಗಿ ತಾಲೂಕಿನ ಹಳ್ಳಿಗಳಿಗೂ ಹೋಗತೊಡಗಿದೆವು. ಮನೆಯಲ್ಲಿರಿ ಎಂದರೆ ಬಾಯಾರು ಕೇಳುತ್ತಿರಲಿಲ್ಲ. ಎಳ್ಳಮಾಸಿಯ ಹಿಂದಿನ ದಿನ ನೆಲೋಗಿಯಲ್ಲಿ ಮಲ್ಲಮ್ಮ ಎಂಬ ಬಸುರಿಯನ್ನು ನೋಡಿದೆವು. ಅವಳಿಗೂ ಅದೇ ಬಿ.ಪಿ., ಅದೇ ಊದಿದ ಕಾಲು. ಮಾವ ತಲೆಗೆ ರುಮಾಲು ಸುತ್ತಿಕೊಳ್ಳುತ್ತ ಹೇಳಿದ, "ನಾಳಿ ಹೊಲದಾಗ ಭೂಮ್ತಾಯಿಗೆ ಎಡಿ ಹಿಡದು ಚರಗ ಚೆಲ್ಲೋದದರಿ. ಮನಿ ಮಂದಿಯೆಲ್ಲ ಹೊಲದಾಗ ಉಣಬೇಕು. ಹಬ್ಬ ಮುಗದ ಮ್ಯಾಲ ನೋಡೋಣ್ರಿ."

ಬಾಯಾರು ಎದ್ದು ನಿಂತರು. ಅಂಥ ದನಿ ಆ ಸಣ್ಣ ದೇಹದಲ್ಲಿತ್ತೆಂದು ನನಗೆ ಗೊತ್ತಿರಲಿಲ್ಲ.

"ಏನ ನೋಡ್ತಿ? ಹೆಣ ನೋಡ್ತಿ? ನಾ ಮೂರು ದಿನ ಕೊಟ್ಟು ಒಬ್ಬಾಕಿನ್ನ ಮಣ್ಣಿಗೆ ಹಾಕೀನಿ! ನಿನಗ ಮೂರು ತಾಸೂ ಕೊಡಂಗಿಲ್ಲ! ಏಳ ಬೇ ಮಲ್ಲಮ್ಮ, ಗಾಡಿ ಹತ್ತು!"

ಓಣಿಯ ಮಂದಿ ಕೂಡಿತು. ಮಾವ ರುಮಾಲು ಕೈಯಲ್ಲಿ ಹಿಡಿದು ನಿಂತುಬಿಟ್ಟ. ಬಾಯಾರು ಏದುಸಿರು ಬಿಡುತ್ತಿದ್ದರು. ಮೂಗಿನಿಂದ ರಕ್ತ ಇಳಿದು ತುಟಿಗೆ ಬಂದಿತ್ತು, ಅದು ಅವರಿಗೆ ಗೊತ್ತಾಗಿರಲಿಲ್ಲ. ಅದನ್ನು ನೋಡಿ ಬೆದರಿದ ಅತ್ತೆ ತಾನೇ ಮಲ್ಲಮ್ಮನ ಕೈ ಹಿಡಿದು ಜೀಪಿಗೆ ತಂದಳು. ಜೇವರ್ಗಿಯ ದವಾಖಾನೆಗೆ ಸೇರಿಸಿದೆವು. ನಾನು ಅಲ್ಲೇ ಉಳಿದೆ. ಅದೇ ಜೀಪು ಬಾಯಾರನ್ನು ಕಲಬುರಗಿಯ ಆಸ್ಪತ್ರೆಗೆ ಒಯ್ದಿತು. ಅವರು ಮತ್ತೆ ಅಫಜಲಪುರಕ್ಕೆ ಬರಲಿಲ್ಲ.

ಐದನೇ ದಿನ ಮಲ್ಲಮ್ಮನಿಗೆ ಹೆರಿಗೆಯಾಯಿತು. ಮೊದಲ ಬಸ್ಸಿಗೇ ಕಲಬುರಗಿಗೆ ಹೋದೆ. ದಾರಿಯುದ್ದಕ್ಕೂ ತೊಗರಿ ಕೊಯ್ಲು ನಡೆದಿತ್ತು. ಬಾಯಾರ ಕೈಗೆ ರಕ್ತದ ಬಾಟಲಿ ಹಚ್ಚಿದ್ದರು. ಕಮಲಾ ಹಸಿ ಬಟ್ಟೆಯಿಂದ ಅವರ ತುಟಿ ಒರೆಸುತ್ತಿದ್ದಳು. "ಎರಡು ದಿನ ಆತು ಮಾತಾಡಿ," ಅಂದಳು. ನಾನು ಕಿವಿಯ ಹತ್ತಿರ ಬಗ್ಗಿ, "ಬಾಯಾರ, ಮಲ್ಲಮ್ಮಗ ಹೆರಿಗಿ ಆತ್ರಿ. ಗಂಡಸಮಗ," ಅಂದೆ.

ಕಣ್ಣು ತೆರೆದರು. ತುಟಿ ಅಲುಗಿತು. ಮೊದಲ ಸಲ ಕೇಳಿಸಲಿಲ್ಲ, ಇನ್ನಷ್ಟು ಬಗ್ಗಿದೆ.

"ತಾಯಿ?"

"ಅದಾಳ್ರಿ. ಎದ್ದು ಕುಂತಾಳ. ಹಸಿವಿ ಅಂತ ಎರಡು ರೊಟ್ಟಿ ತಿಂದಾಳ್ರಿ."

ಕಮಲಾ ಕೈಯಲ್ಲಿದ್ದ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದಳು. ಬಾಯಾರು ನನ್ನನ್ನೇ ನೋಡುತ್ತಿದ್ದರು. ಇನ್ನೊಂದು ಸಲ ಹೇಳು ಅನ್ನುವಂತಿತ್ತು ಆ ನೋಟ. ಹೇಳಿದೆ. ಕಣ್ಣು ಮುಚ್ಚುವವರೆಗೂ ಹೇಳುತ್ತಲೇ ಇದ್ದೆ.